ಕರೆಂಟ್ ಬೀಡಿಗೆ ನಾನೇ ಡೀಲರ್!

ನಾನು ಓದಿದ್ದು ಎರಡನೇ ಕ್ಲಾಸು. ಆದರೂ ಸಾಮಾನು ಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಮೊನ್ನೆಯವರೆಗೂ ನಂಬಿದ್ದೆ.

ಮೊಳಕಾಲ್ಮೂರಿನಲ್ಲಿ ನಮ್ಮದು ರೇಷ್ಮೆ ಸೀರೆಯ ಮಗ್ಗ. ನಮ್ಮ ಯಜಮಾನರ ಬಾಯಲ್ಲಿ ಸದಾ ಬೀಡಿ. ಹೋದ ವರ್ಷ ಕಿಡಿ ಹಾರಿ ಒಂದು ಮದುವೆ ಸೀರೆಯ ಸೆರಗು ತೂತಾಗಿತ್ತು. ಈ ಸಲ ಮಗ್ಗದ ಮೇಲೆ ಇನ್ನೊಂದು ಮದುವೆ ಸೀರೆ. ಬಿಟ್ಟುಬಿಡಿ ಎಂದರೆ, "ಬೇಕಾದ್ರೆ ಮಗ್ಗ ಬಿಡ್ತೀನಿ" ಎನ್ನುತ್ತಿದ್ದರು.

ಚಳ್ಳಕೆರೆಗೆ ಹೋದಾಗ ನನ್ನ ಬೀಡಿ ಗೋಳು ಕೇಳಿದ ಮೊಬೈಲ್ ಅಂಗಡಿಯವನು ಪೇಪರಿನಲ್ಲಿ ಸುತ್ತಿದ್ದ ಒಂದು ಕಡ್ಡಿಯನ್ನು ಮೇಜಿನ ಕೆಳಗಿನಿಂದ ತೆಗೆದ.

"ಕರೆಂಟ್ ಬೀಡಿ. ಬೆಂಕಿ ಇಲ್ಲ, ಬೂದಿ ಇಲ್ಲ ಅವ್ವಾ. ಫೋನಿನಂಗೆ ಚಾರ್ಜಿಗೆ ಹಾಕಿದ್ರಾಯ್ತು."

"ಬಿಲ್ಲು?"

"ನಮ್ ನಿಮ್ ಮಧ್ಯೆ ಬಿಲ್ಲು ಯಾಕವ್ವಾ?"

ಎಂಥ ಸಂಭಾವಿತ! ಮೂರು ಕೊಂಡೆ. ಊರಾಚೆ ಹೋದವರು ಅಕ್ಕಪಕ್ಕದ ಮಗ್ಗದವರಿಗೂ ಸಾಮಾನು ತರುವುದು ನಮ್ಮ ಬೀದಿಯ ಪದ್ಧತಿ.

ಮೂರೇ ದಿನ. ಯಜಮಾನರ ಕಡ್ಡಿ ಸತ್ತಿತು, ಬೀಡಿ ಮತ್ತೆ ಹತ್ತಿತು. ಚಳ್ಳಕೆರೆಗೆ ಓಡಿದರೆ ಅಂಗಡಿಯವನು, "ಯಾರಜ್ಜಿ ನೀನು? ಇಂಥದ್ದು ನಾನು ಮಾರೋದೇ ಇಲ್ಲ" ಎಂದ.

ಬಿಡುವವಳೇ ನಾನು? ಬಸ್ಸಿಳಿದು ನೆಟ್ಟಗೆ ನಮ್ಮೂರಿನ ಪೊಲೀಸ್ ಠಾಣೆಗೆ ಹೋದೆ. ಕಡ್ಡಿಯನ್ನು ದಫೇದಾರರ ಮೇಜಿನ ಮೇಲಿಟ್ಟು, "ರಿಪೇರಿ ಮಾಡಿಸಿಕೊಡಿ, ಇಲ್ಲ ಹೊಸದು ಕೊಡಿಸಿ!" ಎಂದೆ.

ದಫೇದಾರರು ಕಣ್ಣು ಉಜ್ಜಿಕೊಂಡರು. "ಅಜ್ಜೀ, ಇದು ಇ-ಸಿಗರೇಟು. ಸರ್ಕಾರ ಬ್ಯಾನ್ ಮಾಡೈತೆ. ಮಾರೋದೂ ತಪ್ಪು, ಮನೇಲಿ ಇಟ್ಕೊಳ್ಳೋದೂ ತಪ್ಪು."

"ಮತ್ತೆ ಬೀಡಿ?"

"ಬೀಡಿಗೆ ಬ್ಯಾನ್ ಇಲ್ಲ."

"ಬೆಂಕಿ ಇರೋದು ಸರಿ, ಬೆಂಕಿ ಇಲ್ದಿರೋದು ತಪ್ಪಾ?"

"ಇದ್ರಾಗೆ ವಿಷ ಐತಜ್ಜಿ."

"ಬೀಡಿನಾಗೆ ಜೇನುತುಪ್ಪ ಐತಾ?"

ದಫೇದಾರರು ತಲೆ ಕೆರೆದುಕೊಂಡರು. ಗೆದ್ದೆ ಎನಿಸಿತು. ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು.

"ನನ್ನೊಬ್ಬಳಿಗೇ ಯಾಕೆ ಹೇಳ್ತೀರಾ? ಪಕ್ಕದ ಮಗ್ಗದ ಲಕ್ಷ್ಮಕ್ಕನ ಗಂಡಂಗೂ, ಮೂಲೆಮನೆ ತಿಪ್ಪೇಸ್ವಾಮಿಗೂ ನಾನೇ ತಂದುಕೊಟ್ಟೀನಿ!"

"ಓಹೋ! ಹಂಗಾದ್ರೆ ನೀನೇ ಡೀಲರ್ರು!"

ಜೀಪಿನಲ್ಲಿ ನನ್ನ ಮೆರವಣಿಗೆ ಹೊರಟಿತು. ಬೀದಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಲಕ್ಷ್ಮಕ್ಕ, "ಏನ್ ಕದ್ದೆ ಅಕ್ಕಾ?" ಎಂದು ಊರಿಗೆಲ್ಲ ಕೇಳುವಂತೆ ಕೂಗಿದಳು. ದಫೇದಾರರು ಉಳಿದೆರಡು ಕಡ್ಡಿಗಳನ್ನೂ ವಶಪಡಿಸಿಕೊಂಡು, ನನ್ನ ಸೊಟ್ಟ ರುಜು ಹಾಕಿಸಿಕೊಂಡು, "ವಯಸ್ಸು ನೋಡಿ ಬಿಡ್ತಾ ಇದೀನಿ" ಎಂದು ಹೋದರು.

ಯಜಮಾನರು ಬೀಡಿ ಕಟ್ಟನ್ನು ತಂದು ನನ್ನ ಮುಂದಿಟ್ಟರು.

"ತಗಳೇ. ಇವತ್ತಿಂದ ಬಿಟ್ಟೆ."

ಮದುವೆ ಸೀರೆ ತೂತಿಲ್ಲದೆ ಮಗ್ಗದಿಂದ ಇಳಿಯಿತು. ನನ್ನ ಮಾತಿಗೆ ಕೊನೆಗೂ ಬೆಲೆ ಬಂತು ಎಂದು ಬೀಗುತ್ತಿದ್ದೆ. ಆಗ ಯಜಮಾನರು ಲಕ್ಷ್ಮಕ್ಕನ ಗಂಡನಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು:

"ಬಿಡ್ದೆ ಏನ್ ಮಾಡ್ಲಯ್ಯಾ? ಇವ್ಳು ಮುಂದೆ ಇನ್ನೇನು ತರ್ತಾಳೋ!"