ನಿಶ್ಚಯವಾದವಳ ಜೊತೆ ಪರಾರಿ

ಪ್ರೀತಿಸಿದವಳನ್ನು ಓಡಿಸಿಕೊಂಡು ಹೋದ ಗಂಡಸರು ಲೋಕದಲ್ಲಿ ಬೇಕಾದಷ್ಟು ಇದ್ದಾರೆ. ಅದರಲ್ಲೇನು ದೊಡ್ಡಸ್ತಿಕೆ? ಹಿರಿಯರೇ ನೋಡಿ, ಮೆಚ್ಚಿ, ಬೆಲ್ಲ ಹಂಚಿ ನಿಶ್ಚಯ ಮಾಡಿದ ಹುಡುಗಿಯನ್ನು ಓಡಿಸಿಕೊಂಡು ಹೋದ ಧೀರ ಯಾರಾದರೂ ಇದ್ದಾನೆಯೇ? ಇದ್ದಾನೆ! ಇಡೀ ಗೋವಾ ರಾಜ್ಯಕ್ಕೆ ಒಬ್ಬನೇ ಒಬ್ಬ! ಅವನ ಹೆಸರು ಕುಬೇರ, ಅಂದರೆ ನಾನು. ಈ ಬಿರುದು ಒಂದು ಮಧ್ಯಾಹ್ನದ ಮಟ್ಟಿಗಾದರೂ ನನ್ನ ಬಳಿ ಇತ್ತು.

ನನ್ನ ಉದ್ಯೋಗ ಮದುವೆ. ತಪ್ಪು ತಿಳಿಯಬೇಡಿ, ಮಾಡಿಕೊಳ್ಳುವುದಲ್ಲ, ಕಟ್ಟುವುದು. ಮ್ಹಾಪಸಾದ ಡೆಕೋರೇಷನ್ ಕಂತ್ರಾಟುದಾರನೊಬ್ಬನ ಕೈಕೆಳಗೆ ಮಂಟಪ ಕಟ್ಟುತ್ತೇನೆ. ತಮ್ಮ ಊರಿನಲ್ಲಿ ಜಾಗವೇ ಇಲ್ಲವೇನೋ ಎಂಬಂತೆ ದಿಲ್ಲಿ, ಮುಂಬಯಿಗಳಿಂದ ಗೋವಾಕ್ಕೆ ಬಂದು ಮದುವೆಯಾಗುವ ಶ್ರೀಮಂತರ ಮಂಟಪಗಳು. ಹೆಲಿಕಾಪ್ಟರಿನಿಂದ ಇಳಿದ ವರನ ಪೇಟ ಹಾರಿ ಸಮುದ್ರ ಸೇರಿದ್ದನ್ನು ಕಣ್ಣಾರೆ ಕಂಡವನು ನಾನು. ಡ್ರೋನ್ ಕ್ಯಾಮೆರಾ ಹೋಗಿ ಪಾಯಸದ ಹಂಡೆಯಲ್ಲಿ ಮುಳುಗಿದ್ದನ್ನೂ, ಅದೇ ಪಾಯಸವನ್ನು ಬೀಗರು ಸೋಸಿ ಕುಡಿದದ್ದನ್ನೂ ಕಂಡಿದ್ದೇನೆ! ಇಷ್ಟೆಲ್ಲ ಕಂಡ ಮೇಲೆ ನನ್ನ ಮದುವೆಯಲ್ಲಿ ಜನವೇ ಇರಬಾರದು ಎಂದು ಎಂದೋ ತೀರ್ಮಾನಿಸಿದ್ದೆ.

ನನಗೆ ನಿಶ್ಚಯವಾದ ದೀಪಾ ಸಮುದ್ರದ ದಂಡೆಯಲ್ಲಿ ಕನ್ನಡಿ ಹೊಲಿದ ಚೀಲ, ಹಾಸು, ತೋರಣ ಮಾರುತ್ತಾಳೆ. ನಾವಿಬ್ಬರೂ ವಿಜಾಪುರದ ಕಡೆಯ ಲಂಬಾಣಿಗಳು. ಮನೆಯಲ್ಲಿ ಲಂಬಾಣಿ ಮಾತು, ಗಿರಾಕಿಗಳ ಜೊತೆ ಹಿಂದಿ, ಪೊಲೀಸರ ಜೊತೆ ಕೊಂಕಣಿ. ಆದರೆ ಪ್ರೀತಿಗೂ ಜಗಳಕ್ಕೂ ನಮಗೆ ಕನ್ನಡವೇ ಆಗಬೇಕು.

ನಿಶ್ಚಯವೇನೋ ಆಯಿತು, ಲಗ್ನ ಮಾತ್ರ ಆಗಲೊಲ್ಲದು. ದೀಪಾಳ ಅಪ್ಪ ಲಚ್ಚಪ್ಪ ಗಾರೆ ಕೆಲಸದ ಮೇಸ್ತ್ರಿ. ಕಡ್ಡಿ ಮುರಿದಂತೆ ಹೇಳಿದರು: "ಲಗ್ನ ವಿಜಾಪುರ ಕಡೆ ನಮ್ಮ ತಾಂಡಾದಾಗ ಆಗಬೇಕು. ಇಡೀ ತಾಂಡಾ ಕಣ್ಣ ತುಂಬ ನೋಡಬೇಕು!"

ನನ್ನ ತಾಯಿ ತುಳಸಿಬಾಯಿ ಕಡ್ಡಿಯನ್ನಲ್ಲ, ದೊಣ್ಣೆಯನ್ನೇ ಮುರಿದಳು: "ಗಂಡಿನ ಕಡಿಯವ್ರು ನಾವು. ಲಗ್ನ ಮ್ಹಾಪಸಾದಾಗ, ಕಲ್ಯಾಣ ಮಂಟಪದಾಗ. ಅಲ್ಲೀತನಕ ಮಂದೀನ್ನ ಹೊತ್ತುಕೊಂಡು ಹೋಗಾಕ ನನ್ನ ಕಡೆ ರೈಲು ಐತೇನು?"

ಜಾಗದ ಜಗಳ ತಣ್ಣಗಾದರೆ ಡಿಜೆಯ ಜಗಳ, ಡಿಜೆ ಮುಗಿದರೆ ಹೋಳಿಗೆಯ ಜಗಳ. ಒಂದು ಮಳೆಗಾಲ ಹೋಗಿ ಇನ್ನೊಂದೂ ಮುಗಿಯಿತು. ಕೊನೆಗೆ ಲಚ್ಚಪ್ಪನವರು ಹೇಳಿ ಕಳಿಸಿದರು: "ಈ ದೀವಳಿಗಿಯೊಳಗ ನಮ್ಮ ಮಾತಿಗೆ ಒಪ್ಪಲಿಲ್ಲಂದ್ರ ಬ್ಯಾರೆ ವರ ನೋಡ್ತೇನಿ." ನನ್ನ ತಾಯಿ ತಿರುಗಿ ಹೇಳಿ ಕಳಿಸಿದಳು: "ಇವತ್ತ ನೋಡಂತ ಹೇಳ್ರಿ!" ನನಗೆ ಅನ್ನ ಇಳಿಯದಾಯಿತು. ಊರವರ ಮದುವೆಗೆಲ್ಲ ಮಂಟಪ ಕಟ್ಟಿದವನು ದೀಪಾಳ ಮದುವೆಗೂ ಕೂಲಿಯವನಾಗಿ ಹೋಗಿ ಬಿದಿರು ನೆಡಬೇಕಾದೀತೇ!

ಆ ಸಂಜೆ ದಂಡೆಯ ಮೇಲೆ ದೀಪಾಳ ಮುಂದೆ ಹೊಟ್ಟೆಯ ಸಂಕಟ ತೋಡಿಕೊಂಡೆ. ಜೊತೆಗೆ, ಹಿಂದಿನ ದಿನ ನಾನು ಮಂಟಪ ಕಟ್ಟಿಕೊಟ್ಟ ಒಂದು ವಿದೇಶಿ ಜೋಡಿಯ ಕಥೆಯನ್ನೂ ಹೇಳಿದೆ.

"ಇಬ್ಬರ ಬಂದಿದ್ರು ದೀಪಾ. ಇಬ್ಬರ ನಿಂತ್ರು, ಹಾರ ಹಾಕ್ಕೊಂಡ್ರು, ಮುಗೀತು."

"ಊಟ?"

"ಎರಡ ಪ್ಲೇಟು."

"ಜಗಳ?"

"ಮಾಡಾಕ ಮಂದಿ ಎಲ್ಲಿದ್ರು?"

ದೀಪಾ ಮಾರಾಟದ ಗಂಟನ್ನು ಬಿಗಿದು ಕಟ್ಟಿ ಎದ್ದು ನಿಂತಳು. "ಹಂಗಾರ ನಾವೂ ಓಡಿ ಹೋಗೂಣು. ಯಾವತ್ತ ಹೇಳು."

ನನ್ನ ಎದೆ ಉಬ್ಬಿತು. ಯೋಜನೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಯಾರು? ಅಂಜುನಾದ ಬುಧವಾರದ ಬಜಾರಿಗೆ ನಮ್ಮ ಹೆಂಗಸರೆಲ್ಲ ಗಂಟು ಹೊತ್ತು ಹೋಗುತ್ತಾರೆ. ಅವಳ ತಾಯಿ ಧಾಮಿಬಾಯಿ, ನನ್ನ ತಾಯಿ, ಎಲ್ಲರೂ ಅಲ್ಲೇ. ವ್ಯಾಪಾರದ ಹೊತ್ತಿನಲ್ಲಿ ಅವರನ್ನು ಜಾಗ ಬಿಟ್ಟು ಎಬ್ಬಿಸಲು ಭೂಕಂಪಕ್ಕೂ ಸಾಧ್ಯವಿಲ್ಲ. ಬಜಾರಿನಿಂದ ಬಂಡೆಗಳ ಆಚೆಗೆ ಯಾರೂ ಇಳಿಯದ ಪುಟ್ಟ ದಂಡೆಯೊಂದಿದೆ. ಶತ್ರುವಿನ ಮೂಗಿನ ಕೆಳಗೇ ಮದುವೆ! ಹುಡುಕುವವರು ವಾಸ್ಕೋ ರೈಲ್ವೆ ಸ್ಟೇಷನ್ನಿನಲ್ಲಿ ಹುಡುಕಿಯಾರೇ ಹೊರತು ಪಕ್ಕದಲ್ಲಿ ಇಣುಕುವುದಿಲ್ಲ. ಮಂಟಪಕ್ಕೆ ನನ್ನ ಬಿದಿರು, ಅವಳ ಕನ್ನಡಿಯ ಬಟ್ಟೆ. ನನ್ನ ಕೈಕೆಲಸ, ಅವಳ ಕೈಕೆಲಸ, ಮೇಲೆ ಆಕಾಶ. ಇದಕ್ಕಿಂತ ನಮ್ಮದೇ ಎನ್ನುವಂಥ ಮದುವೆ ಬೇರೆ ಯಾವುದಿದ್ದೀತು?

"ಒಂದ ಮಾತು," ಎಂದಳು ದೀಪಾ. "ನನಗ ಅಳೂದೈತಿ."

ನಮ್ಮಲ್ಲಿ ಮದುಮಗಳು ಗಂಡನ ಮನೆಗೆ ಹೊರಡುವಾಗ ಸುಮ್ಮನೆ ಕಣ್ಣೀರು ಒರೆಸಿಕೊಂಡು ಹೋಗುವಂತಿಲ್ಲ. ತಾಯಿ, ಚಿಕ್ಕಮ್ಮ, ಅತ್ತೆ, ಗೆಳತಿ, ಒಬ್ಬೊಬ್ಬರದೇ ಕೊರಳು ತಬ್ಬಿ, ಅವರ ಹೆಸರು ಹಿಡಿದು ಅಳುತ್ತ ಹಾಡಬೇಕು. ಅದಕ್ಕೆ ಢಾವಲೋ ಎನ್ನುತ್ತೇವೆ. ಹುಡುಗಿಯರು ಇದನ್ನು ದೊಡ್ಡವರಿಂದ ವರ್ಷಗಟ್ಟಲೆ ಕಲಿಯುತ್ತಾರೆ. ದೀಪಾಳ ಢಾವಲೋ ಅಂದರೆ ನಮ್ಮ ಓಣಿಯಲ್ಲೇ ಹೆಸರುವಾಸಿ. ಗೆಳತಿಯರ ಮದುವೆಯಲ್ಲಿ ಅವಳು ಸುಮ್ಮನೆ ದನಿಗೂಡಿಸಿದರೂ ಬಡಿಸುವವರು ಸೌಟು ಕೆಳಗಿಟ್ಟು ಅಳುತ್ತಿದ್ದರು.

"ಅಳು, ಯಾರ ಬ್ಯಾಡ ಅಂದಾರ?" ಎಂದೆ ಉದಾರವಾಗಿ. "ನನ್ನ ಕೊರಳು ಐತಲ್ಲ!"

ಬುಧವಾರ ಬಂತು. ದೀಪಾ ಸ್ಕೂಟರು ಓಡಿಸಿದಳು. ನಾನು ಹಿಂದೆ ಬಿದಿರು ತಬ್ಬಿಕೊಂಡು ಕುಳಿತು ದಾರಿಯುದ್ದಕ್ಕೂ ಎರಡು ಕಡೆಯ ವಾಹನಗಳಿಂದ ಬೈಸಿಕೊಂಡೆ. ದಂಡೆಯಲ್ಲಿ ನರಪಿಳ್ಳೆಯಿಲ್ಲ. ಕಂಬ ನೆಟ್ಟೆ, ಬಟ್ಟೆ ಕಟ್ಟಿದೆ. ಎಡಗಡೆಯ ಕಂಬ ಕೊಂಚ ವಾಲಿದಂತೆ ಕಂಡಿತು, ಸರಿಮಾಡಿದೆ. ಆಗ ಬಲಗಡೆಯದು ವಾಲಿದಂತೆ ಕಂಡಿತು. ಮದುಮಗಳು ಹಾರ ಹಿಡಿದು ಬಿಸಿಲಿನಲ್ಲಿ ನಿಂತೇ ಇದ್ದಳು.

"ಲಗ್ನ ಮಾಡ್ಕೊಳ್ಳಾಕ ಬಂದಿಯೋ, ಡೆಕೋರೇಷನ್ ಮಾಡಾಕ ಬಂದಿಯೋ?"

"ಸೊಟ್ಟ ಮಂಟಪದಾಗ ನಾ ಲಗ್ನ ಆಗಂಗಿಲ್ಲ. ನನಗೂ ಒಂದು ಹೆಸರೈತಿ!"

"ಇನ್ನೊಮ್ಮಿ ಆ ಕಂಬ ಮುಟ್ಟಿದರ ನಿನ್ನ ಹೆಸರಷ್ಟ ಉಳೀತೈತಿ ನೋಡು!"

ಕಂಬ ಬಿಟ್ಟೆ. ಹಾರ ಹಾಕಿಕೊಂಡೆವು. ಕರಿಮಣಿ ಕಟ್ಟಿದೆ. ಕೈ ಹಿಡಿದು ಏಳು ಸುತ್ತು ಸುತ್ತಿದೆವು. ಐದನೆಯ ಸುತ್ತಿನಲ್ಲಿ ತೆರೆಯೊಂದು ಬಂದು ನನ್ನ ಚಪ್ಪಲಿ ಒಯ್ದಿತು, ನಾನು ತಿರುಗಿಯೂ ನೋಡಲಿಲ್ಲ. ಲಗ್ನ ಆಗಿಯೇ ಹೋಯಿತು! ಡಿಜೆಯಿಲ್ಲ, ಹೋಳಿಗೆಯಿಲ್ಲ, ಜಗಳವಿಲ್ಲ. ವಿಜಯದ ಖುಷಿಗೆ ಸಮುದ್ರದ ಕಡೆ ತಿರುಗಿ ಹೋ ಎಂದು ಕೂಗಿಬಿಟ್ಟೆ. ಇನ್ನು ಯಾವ ಲಚ್ಚಪ್ಪ ಬೇರೆ ವರ ನೋಡುತ್ತಾರೋ ನೋಡಿಯೇಬಿಡೋಣ!

"ಮುಗೀತಲ್ಲ? ಇನ್ನ ಅಳ್ತೇನಿ," ಎಂದಳು ದೀಪಾ. ಎರಡೂ ಕೈಯಿಂದ ನನ್ನ ಕೊರಳು ತಬ್ಬಿ ಉಸಿರೆಳೆದುಕೊಂಡಳು.

ಸ್ವಾಮೀ, ಆ ದನಿಯನ್ನು ಏನೆಂದು ಹೇಳಲಿ? ಮೊದಲ ಎಳೆತಕ್ಕೆ ಬಂಡೆಯ ಮೇಲಿನ ಹಕ್ಕಿಗಳೆಲ್ಲ ಎದ್ದು ಹೋದವು. ಎರಡನೆಯದಕ್ಕೆ ನನ್ನ ಬಲಗಿವಿ ಕೆಲಸ ನಿಲ್ಲಿಸಿತು. ಢಾವಲೋದಲ್ಲಿ ಮದುಮಗಳು ಹಾಡುವುದೇನು? "ಯಾಡಿ, ಅಂದರೆ ಅವ್ವಾ, ಯಾರೋ ಪರಕೀಯ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದಾನೆ, ಬಿಡಿಸಿಕೊಳ್ಳಲು ಯಾರೂ ಇಲ್ಲವೇ!" ಇದನ್ನು ತಾಯಿಯ ಕೊರಳಲ್ಲಿ ಹಾಡಿದರೆ ಒಂದು ಅರ್ಥ. ನಿರ್ಜನ ದಂಡೆಯಲ್ಲಿ ಆ ಪರಕೀಯನ ಕೊರಳಿಗೇ ಜೋತುಬಿದ್ದು ಹಾಡಿದರೆ?

ಪೀಪಿ ಊದಿದ ಸದ್ದು ಕೇಳಿತು. ಮಂಟಪದ ಕನ್ನಡಿಗಳಿಗೆ ಬಿಸಿಲು ಬಿದ್ದು ದೂರದ ಲೈಫ್‌ಗಾರ್ಡಿನ ಕಣ್ಣಿಗೆ ಹೊಡೆಯುತ್ತಿತ್ತಂತೆ. ಇತ್ತ ನೋಡಿದವನಿಗೆ ಗೋಳಾಡುವ ಹೆಂಗಸು, ಅವಳನ್ನು ಹಿಡಿದುಕೊಂಡ ಗಂಡಸು ಕಂಡಿದ್ದಾರೆ. ಬಂಡೆ ಹಾರಿ ಓಡಿಬಂದ.

"ಕಿತೆಂ ಜಾಲೆಂ? ಏನಾಯ್ತು? ಅವಳನ್ನ ಬಿಡು!"

"ನಾ ಹಿಡದಿಲ್ರೀ! ಅಕೀನ ನನ್ನ ಹಿಡದಾಳ!"

ಅವನು ವಾಳಪೈ ಕಡೆಯವನು, ಗಡಿಯ ಊರಾದ್ದರಿಂದ ಕನ್ನಡ ಬರುತ್ತಿತ್ತು. ನಂಬಿಕೆ ಮಾತ್ರ ಬರಲಿಲ್ಲ. "ಯಾರು ಇವಳು?"

"ನನ್ನ ಹೇಂತಿ."

"ಯಾವಾಗಿನಿಂದ?"

"ಈಗಿನಿಂದ."

"ಮತ್ತೆ ಯಾಕೆ ಅಳ್ತಾಳೆ?"

"ಖುಷೀಲಿಂದ ಅಳಾಕತ್ತಾಳ್ರೀ!"

ಅವನು ನನ್ನನ್ನು ನೋಡಿದ ನೋಟ ಇಂದಿಗೂ ನೆನಪಿದೆ. "ದೀಪಾ, ನೀನ ಹೇಳು ಇವರಿಗೆ!" ಎಂದು ಅವಳ ಮುಖ ಎತ್ತಿದೆ. ಆಗ ಗೊತ್ತಾಯಿತು, ಅದು ಕಲಿತ ಅಳುವಾಗಿರಲಿಲ್ಲ. ಯಾಡಿ, ಯಾಡಿ ಎಂದು ಕರೆಯುತ್ತಿದ್ದಳು, ಅವಳ ಕೈಗಳು ನನ್ನ ಕೊರಳನ್ನು ಬಿಟ್ಟು ಗಾಳಿಯಲ್ಲಿ ಬೇರೆ ಕೊರಳನ್ನು ಹುಡುಕುತ್ತಿದ್ದವು. ಇಬ್ಬರ ಮದುವೆಯಲ್ಲಿ ಇಬ್ಬರೇ ಇರುತ್ತಾರೆ ಎಂಬುದು ಆ ಕ್ಷಣದವರೆಗೆ ನನಗೆ ನಿಜವಾಗಿ ಹೊಳೆದಿರಲಿಲ್ಲ. ನಾನೆಂಥ ಪೆದ್ದ! ಇವಳ ಅಳುವಿಗೆ ಸಮನಾದ ಕೊರಳನ್ನು ಎಲ್ಲಿಂದ ತರಲಿ?

ತರಬೇಕಾಗಲಿಲ್ಲ. ಬಂಡೆಗಳ ಮೇಲೆ ಗೆಜ್ಜೆ, ಬಳೆ, ಕಾಸಿನ ಸರಗಳ ಝಣಝಣ ಕೇಳಿಸಿತು.

ಗಾಳಿ ಬಜಾರಿನ ಕಡೆಗೆ ಬೀಸುತ್ತಿತ್ತು! ಭೂಕಂಪಕ್ಕೂ ಏಳದ ನಮ್ಮ ಹೆಂಗಸರು ಢಾವಲೋ ಕಿವಿಗೆ ಬಿದ್ದೊಡನೆ ಎದ್ದುಬಿಟ್ಟಿದ್ದರು. ಮದುಮಗಳು ಅಳುವಾಗ ಕೇಳಿಸಿಕೊಂಡವಳು ಹೋಗಿ ಕೊರಳು ಕೊಡಬೇಕು, ಅದು ನಮ್ಮಲ್ಲಿ ಬಿಡಲಾಗದ ಕೆಲಸ. ಚೌಕಾಸಿ ಮಾಡುತ್ತಿದ್ದ ಗಿರಾಕಿಗಳು ಅಷ್ಟಕ್ಕೇ ಬಿಡುತ್ತಾರೆಯೇ, ಹಾಸು, ಚೀಲಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹಿಂದೆ ಓಡಿಬಂದಿದ್ದರು. ನನ್ನ ಇಬ್ಬರ ಮದುವೆಗೆ ದಂಡೆ ಸಾಲದಾಯಿತು!

ಮುಂದೆ ನನ್ನ ತಾಯಿ. "ಯಾರ ಮಗಳವ್ವಾ ಇಕಿ, ದಿಕ್ಕಿಲ್ಲದಂಗ ಅಳಾಕತ್ತಾಳ..." ಎನ್ನುತ್ತ ಬಂದವಳು ನನ್ನನ್ನು ಕಂಡು ಬಾಯಿ ಮುಚ್ಚಿದಳು. ಅವಳ ಬಾಯಿ ತಾನಾಗಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳ ಹಿಂದೆ ಧಾಮಿಬಾಯಿ. ಮಗಳನ್ನು ನೋಡಿದರು, ಕರಿಮಣಿ ನೋಡಿದರು, ನನ್ನನ್ನು ನೋಡಿದರು. ಕೆನ್ನೆಗೆ ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ.

"ಸರಿಯೋ ಆಚಿಗೆ!" ಎಂದು ನನ್ನನ್ನು ಪಕ್ಕಕ್ಕೆ ತಳ್ಳಿದರು. "ಮೊದಲನೇ ಕೊರಳು ಯಾಡಿದು. ಇಷ್ಟೂ ತಿಳಿಯಂಗಿಲ್ಲೇನು?"

ಆಮೇಲಿನದನ್ನು ನೋಡಬೇಕಿತ್ತು ನೀವು! ಹೆಂಗಸರು ಸಾಲುಗಟ್ಟಿದರು. ದೀಪಾ ಕೊರಳಿನಿಂದ ಕೊರಳಿಗೆ ಹೋದಳು, ಒಬ್ಬರನ್ನೂ ಬಿಡಲಿಲ್ಲ. ಏನೂ ಅರ್ಥವಾಗದ ವಿದೇಶಿ ಅಜ್ಜಿಯೊಬ್ಬಳು ಸಾಲಿನಲ್ಲಿ ನಿಂತುಬಿಟ್ಟಿದ್ದಳು, ಅವಳಿಗೂ ಒಂದು ಸೊಲ್ಲು ಹಾಡಿದಳು. ಲೈಫ್‌ಗಾರ್ಡ್ ಪೀಪಿಯನ್ನು ಕಿಸೆಯಲ್ಲಿಟ್ಟು ಮೂಗು ಒರೆಸಿಕೊಂಡ. ಧಾಮಿಬಾಯಿ ನಡುವೆಯೇ ಮೊಬೈಲಿನಲ್ಲಿ ಗಂಡನಿಗೆ ಹೇಳುತ್ತಿದ್ದರು: "ತಾಂಡಾದಾಗೂ ಅಲ್ಲ, ಮ್ಹಾಪಸಾದಾಗೂ ಅಲ್ಲ. ಸಮುದ್ರದಾಗ! ಲಗ್ನ ಮುಗದೈತಿ, ಅಳೂದು ನಡದೈತಿ. ಬರೂದಿದ್ರ ಲಗೂನ ಬಾ."

ಲಚ್ಚಪ್ಪನವರು ಕೈಯ ಸಿಮೆಂಟನ್ನೂ ತೊಳೆಯದೆ ಬಂದರು. ಬೈಯಲು ಬಾಯಿ ತೆರೆದರು. ಆದರೆ ಅಷ್ಟರಲ್ಲಿ ಒಂದು ವಿಚಿತ್ರ ನಡೆಯಿತು. ದೀಪಾಳ ಹಾಡು ಮುಗಿದಿತ್ತು, ಢಾವಲೋ ಮಾತ್ರ ನಿಂತಿರಲಿಲ್ಲ. ಈಗ ಅಳುತ್ತ ಹಾಡುತ್ತಿದ್ದವರು ಧಾಮಿಬಾಯಿ. ಅದರಲ್ಲಿ ಮಗಳ ಹೆಸರಿರಲಿಲ್ಲ. ಎಂದೋ ತೀರಿಹೋದ ತಮ್ಮ ತಾಯಿಯನ್ನು ಕರೆಯುತ್ತಿದ್ದರು. ವರ್ಷವಿಡೀ ಅವರೊಡನೆ ಕಾದಾಡಿದ ನನ್ನ ತಾಯಿಯೇ ಮುಂದೆ ಹೋಗಿ ತೋಳು ಚಾಚಿದಳು. "ಬಾ ಧಾಮಿ. ನನ್ನ ಕೊರಳು ಹಿಡಿ."

ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳು ಹೇಳುವುದಿಲ್ಲ. ಮೆಲ್ಲಗೆ ಲಚ್ಚಪ್ಪನವರನ್ನು ಕೇಳಿದೆ: "ಮಾವಾ, ಅತ್ತಿ ಯಾಕ ಹಾಡಾಕತ್ತಾರ್ರಿ?"

ಅವರು ಮರಳಿನ ಮೇಲೆ ಕುಕ್ಕರಿಸಿದರು. "ಅಕಿ ಲಗ್ನದಾಗ ಹಾಡಿದ್ದಿಲ್ಲಪಾ. ಹಾಡಾಕ ಯಾರ ಕೊರಳೂ ಇದ್ದಿದ್ದಿಲ್ಲ. ಅದಕ್ಕ ಮಗಳ ಲಗ್ನಾನರ ತಾಂಡಾದಾಗ ಆಗಲಿ ಅಂತ ಹಟ ಹಿಡದಿದ್ದೆ."

"ಅಂದ್ರ?"

"ಅಂದ್ರೇನು? ಅಕೀನ್ನ ನಾ ಓಡಿಸ್ಕೊಂಡು ಬಂದಿದ್ದೆ!" ಮಾವನ ಕೈ ತಾನಾಗಿ ಮೀಸೆಗೆ ಹೋಯಿತು, ಮೀಸೆಗೆ ಸಿಮೆಂಟು ಹತ್ತಿತು. "ನೀ ಏನ ಓಡಿದ್ಯೋ ತಮ್ಮಾ? ನಾವ ಕೊಟ್ಟ ಹುಡುಗೀನ್ನ ಕರಕೊಂಡು ಬಜಾರದ ಬಾಜೂಕ ಓಡಿದಿ! ನಾ ರಾತ್ರೋರಾತ್ರಿ ವಿಜಾಪುರದಿಂದ ಗೋವಾಕ್ಕ ಓಡಿಸ್ಕೊಂಡು ಬಂದೇನಿ. ಇಡೀ ತಾಂಡಾ ಬೆನ್ನ ಹತ್ತಿತ್ತು!"

ನನ್ನ ಬಿರುದು ಅಲ್ಲೇ ಮರಳಿನಲ್ಲಿ ಬಿದ್ದುಹೋಯಿತು. ಧಾಮಿಬಾಯಿ ಕಣ್ಣು ಒರೆಸಿಕೊಂಡು ಇತ್ತ ತಿರುಗಿದರು.

"ಯಾರು ಯಾರನ್ನ ಓಡಿಸ್ಕೊಂಡು ಬಂದ್ರು? ಬಸ್ ಸ್ಟ್ಯಾಂಡಿನ್ಯಾಗ ಇಂವ ಗಡಗಡ ನಡಗಾಕತ್ತಿದ್ದ, ಮನಿಗೆ ಹೊಳ್ಳಿ ಹೋಗೂಣು ಅಂತ. ರಟ್ಟಿ ಹಿಡದು ಬಸ್ಸಿನ್ಯಾಗ ಏರಿಸಿದಾಕಿ ನಾ!"

ದಂಡೆಗೆ ದಂಡೆಯೇ ನಕ್ಕಿತು. ವಿದೇಶಿ ಅಜ್ಜಿಯೂ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ದೀಪಾ, ಅದೂ ನನ್ನ ಮುಖವನ್ನೇ ನೋಡಿಕೊಂಡು.

ಗಂಡುಕುಲದ ಮಾನ ಉಳಿಸಲೇಬೇಕಾಗಿತ್ತು. "ಏನ ಅನ್ರಿ ಮಾವಾ," ಎಂದೆ ಗಂಟಲು ಸರಿಪಡಿಸಿಕೊಂಡು, "ದೀಪಾನ್ನ ಓಡಿಸ್ಕೊಂಡು ಬಂದದ್ದು ಮಾತ್ರ ನಾನ..."

ಲಚ್ಚಪ್ಪನವರು ನನ್ನ ಕೈ ಹಿಡಿದು ಎಳೆದು ಪಕ್ಕಕ್ಕೆ ಕೂರಿಸಿಕೊಂಡರು.

"ಸುಮ್ಮಕ ಕೂಡೋ ಅಳಿಯಾ. ನಾ ಹಂಗ ಹೇಳಿಕೋತ ಮುದುಕ ಆದೆ. ಯಾರೂ ನಂಬಂಗಿಲ್ಲ."