ಕೋರ್ಟು ಹತ್ತಿದ ಅತ್ತೆಯ ಬಲಗೈ

ನಮ್ಮ ಸೋದರತ್ತೆಯ ಬಾಯಲ್ಲಿ ಇಲ್ಲದ ಮಾತಿಲ್ಲ. ಬೈಗುಳ ಬೇಕೆ? ಇಳಕಲ್ಲಿನ ಅರ್ಧ ಊರಿಗೆ ಸಾಲುವಷ್ಟಿವೆ! ಗಾದೆ ಬೇಕೆ? ಮೂಟೆಗಟ್ಟಲೆ! ಆದರೆ ‘ಆಗಂಗಿಲ್ಲ’ ಎಂಬ ಒಂದೇ ಒಂದು ಮಾತನ್ನು ದೇವರು ಆಕೆಗೆ ಕೊಡಲು ಮರೆತಿದ್ದ.

ಬನಶಂಕರಿಗೆ ಹೋಗಿ ಬರುವಾಗ, ಚೊಳಚಗುಡ್ಡ ದಾಟುತ್ತಲೇ ಆಕೆ ಕೂತಿದ್ದ ಟಂಟಂ ಆಟೋಗೆ ಲಾರಿಯೊಂದು ಹಿಂದಿನಿಂದ ಗುದ್ದಿತು. ಬಲಗೈಯ ಮಣಿಕಟ್ಟು ಮುರಿಯಿತು. ನೆರೆದ ಜನ ಲಾರಿಯವನ ಕೊರಳಪಟ್ಟಿ ಹಿಡಿದರೆ, ಅತ್ತೆ ರಸ್ತೆಯಲ್ಲೇ ಕೂತು, “ಅಂವ್ಗ ಮೊದ್ಲ ನೀರ್ ಕೊಡ್ರಿ, ನಡುಗಾಕತ್ತಾನ. ಬಡಿಯೂದು ಆಮ್ಯಾಲೆ!” ಎಂದಳಂತೆ. ದವಾಖಾನೆಯಲ್ಲಿ ಡಾಕ್ಟರು ಕೈ ಒತ್ತಿ, “ನೋಯ್ತೈತೇನ್ರಿ?” ಎಂದರೆ, “ನನಗೇನಿಲ್ರಿ. ನೀವ್ಯಾಕ ಮುಖಾ ಹಿಂಡಾಕತ್ತೀರಿ?”

ಎಲುಬು ಕೂಡಿತು, ಬೆರಳು ಮಾತ್ರ ಮಡಚಲಿಲ್ಲ. ಇಳಕಲ್ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕಲ್ಲ, ಅವರ ಮನೆಯಲ್ಲಿ ಮಗ್ಗ ಮಾವನದು, ಕೊಂಡಿ ಅತ್ತೆಯದು. ಮದುವೆಯಾದಂದಿನಿಂದ ಮಾವ ಕೊಂಡಿ ಮುಟ್ಟಿದವನಲ್ಲ. ಮುಟ್ಟಲು ಆಕೆ ಬಿಟ್ಟರಲ್ಲವೇ! ಆ ಕೈ ನಿಂತು ಮನೆಯ ದುಡಿಮೆಯೂ ಕುಂಟಿತು. ಪರಿಹಾರಕ್ಕೆ ಲಾರಿಯ ವಿಮಾ ಕಂಪನಿಯ ಮೇಲೆ ಹುನಗುಂದದ ಕೋರ್ಟಿನಲ್ಲಿ ಕೇಸು ಹಾಕಿದೆವು.

“ಅಮ್ಮಾರ, ಏನ್ ಮಾಡಾಕ ಬರಂಗಿಲ್ಲೋ ಅದನ್ನ ‘ಆಗಂಗಿಲ್ಲ’ ಅನ್ರಿ. ಖರೆ ಅದ ಐತಿ,” ಎಂದರು ನಮ್ಮ ವಕೀಲರು.

“ಆತ್ ಬಿಡ್ರಿ, ಅದೇನ್ ದೊಡ್ಡ ಮಾತು!”

ಮನೆಯಲ್ಲಿ ನಾನು ವಿಮಾ ಕಂಪನಿಯ ವಕೀಲನಾಗಿ ತಾಲೀಮು ಮಾಡಿಸಿದೆ. “ರೊಟ್ಟಿ ಬಡೀತೀರೇನ್ರಿ?”

“ಹಸಿವ್ಯಾಗೇತೇನೋ?” ಎಂದು ಅತ್ತೆ ಎದ್ದೇಬಿಟ್ಟಳು! ನಾನು ಹಣೆ ಚಚ್ಚಿಕೊಂಡೆ.

ಕೋರ್ಟಿನ ದಿನ ಹೊಸ ಸೀರೆ ಉಟ್ಟು ಮದುವೆಗೆ ಹೊರಟಂತೆ ಹೊರಟಳು. ಎದುರು ವಕೀಲರು ಶುರು ಮಾಡಿದರು. “ಅಡಗಿ ಮಾಡ್ತೀರೇನ್ರಿ?”

“ಮಾಡ್ತೇನ್ರಿ.” ಒಲೆಯ ಮುಂದೆ ನಿಂತು ಬೈಯುವುದಕ್ಕೆ ಆಕೆ ಅಡುಗೆ ಎನ್ನುತ್ತಾಳೆ, ಮಾಡುವವನು ಮಾವ!

“ಅರಿಬಿ ಒಗೀತೀರಿ?”

“ಒಗೀತೇನ್ರಿ.” ಒಗೆಯುವವನೂ ಮಾವನೇ! ನಮ್ಮ ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ಪರಿಹಾರ ನೀರುಪಾಲಾಯಿತು ಎಂದುಕೊಂಡೆ.

“ಈ ಸೀರಿ ಛಲೋ ಐತಲ್ರಿ. ನಿಮ್ಮ ಮನಿ ಮಗ್ಗದ್ದ?”

“ಹೌದ್ರಿ, ಹೋದ ತಿಂಗಳದ್ದು.”

“ಹಂಗಾರ ಇದರ ಕೊಂಡೀನೂ ನೀವ ಹಾಕೀರಿ!”

ಹೂಂ ಅಂದರೆ ಕೇಸು ಮುಗಿಯಿತು. ಅನ್ನದೆ ಬಿಡುವವಳೇ? ಅತ್ತೆ ಎಡಗೈಯಲ್ಲಿ ಸೆರಗು ಹಿಡಿದು, ಹಿಂದಿನ ಬೆಂಚಿನಲ್ಲಿದ್ದ ಮಾವನತ್ತ ನೋಡಿದಳು. ಅರವತ್ತು ದಾಟಿದ ಮೇಲೆ, ಕನ್ನಡಕದ ಮೇಲೆ ಕನ್ನಡಕ ಏರಿಸಿ, ಆಕೆಯ ಬೈಗುಳ ತಿನ್ನುತ್ತ ಎಳೆಗೆ ಎಳೆ ಕೂಡಿಸಲು ಕಲಿತ ಮನುಷ್ಯ ತಲೆ ತಗ್ಗಿಸಿ ಕೂತಿದ್ದ.

“ಇಲ್ರಿ,” ಎಂದಳು ಅತ್ತೆ. “ಕೊಂಡಿ ನಮ್ಮನಿಯವ್ರು ಹಾಕ್ಯಾರ. ಅವ್ರು ಮಾಡಿದ್ದನ್ನ ನಂದು ಅಂತ ಹೆಂಗ ಹೇಳ್ಲಿ? ಅಡಗಿ, ಅರಿಬಿ ಎಲ್ಲಾ ಅವ್ರದ. ನನ್ನ ಕೈಲೆ... ಆಗಂಗಿಲ್ರಿ.”

ಕಂಪನಿಯ ವಕೀಲರು ಫೈಲು ಮುಚ್ಚಿ ಕೂತರು. ಮುಂದೆ ಪರಿಹಾರವೂ ಬಂತೆನ್ನಿ.

ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಮೆಲ್ಲಗೆ ಕೇಳಿದ: “ಕೊಂಡಿ ಛಲೋ ಬಿದ್ದಾವೇನ?”

“ಸೊಟ್ಟ ಅದಾವ,” ಎಂದಳು ಅತ್ತೆ, ಆ ಸೆರಗನ್ನೇ ಮಡಚದ ಬೆರಳುಗಳ ಮೇಲೆ ಹೊದ್ದುಕೊಳ್ಳುತ್ತ. “ಮುಂದಿನ ಸೀರಿಗೆ ಬಾಜೂಕ ಕುಂತು ಹೇಳಿಕೊಡ್ತೇನಿ. ಬೈಯಂಗಿಲ್ಲ.”