ಮ್ಯೂಸಿಯಮ್ಮಿಗೆ ಎಣ್ಣೆ ಡಬ್ಬಿ

ಟಿಕೆಟ್ಟು ಐದೇ ರೂಪಾಯಿ. ಆದರೆ ನನಗೆ ಬಿದ್ದದ್ದು ಒಂದು ಭಾನುವಾರದ ಅರ್ಧ ದಿನದ ವ್ಯಾಪಾರ. ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಗಲ್ಲಿಯಲ್ಲಿ ಲೇಸು, ಗುಂಡಿ ಮಾರುವವನು ಭಾನುವಾರ ಬಾಗಿಲು ಹಾಕುತ್ತಾನೆಯೇ? ಹಾಕಿಸಿದವರು ನನ್ನ ಚಿಕ್ಕಪ್ಪ. ಜೇಬಿನಲ್ಲಿ ಎಣ್ಣೆ ಡಬ್ಬಿ ಇಟ್ಟುಕೊಂಡು ಮ್ಯೂಸಿಯಂ ನೋಡಲು ಹೋಗುವ ಇನ್ನೊಬ್ಬ ಮನುಷ್ಯ ಬೆಂಗಳೂರಿನಲ್ಲಿದ್ದರೆ ತೋರಿಸಿ, ಅವರ ಟಿಕೆಟ್ಟು ನನ್ನದು.

ಚಿಕ್ಕಪ್ಪ ವಿಮಾನಪುರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಕೆಟ್ಟು ನಿಂತದ್ದು, ಕಿರುಗುಟ್ಟುವುದು ಯಾವುದನ್ನೂ ಅವರು ಸಹಿಸರು. ನನ್ನ ಮದುವೆ ಫೋಟೋದಲ್ಲಿ ಧಾರೆ ಎರೆಯುವವರ ಹಿಂದೆ ಏಣಿಯ ಮೇಲೆ ಎರಡು ಕಾಲು ಕಾಣುತ್ತವೆ. ಅವು ಅವರವೇ, ಛತ್ರದ ಫ್ಯಾನ್ ಬಿಚ್ಚುತ್ತಿದ್ದರು.

ಚಿಕ್ಕಮ್ಮ ಹೊಲಿಗೆಯಲ್ಲೇ ಮನೆ ಅರ್ಧ ನಡೆಸಿದವಳು. ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ, "ಈ ಮೆಷಿನ್ನು ನನ್ನ ಕಣ್ಣೆದುರು ಇರಬಾರದು" ಎಂದಳು. ಹಲಸೂರಿನ ಹಳೇ ಬಂಗಲೆಯೊಂದರಲ್ಲಿ ಜನರ ಮನೆಬಳಕೆಯ ಸಾಮಾನು ಸೇರಿಸಿ ಮ್ಯೂಸಿಯಂ ಮಾಡುತ್ತಿದ್ದರು, ಅಲ್ಲಿಗೆ ಕೊಟ್ಟೆವು. ಕೊಟ್ಟ ಮೇಲೆ ಮುಗಿಯಬೇಕಲ್ಲ? ಚಿಕ್ಕಪ್ಪ ಮತ್ತೆ ಮತ್ತೆ ಹೋಗಿ, ಹಗ್ಗದ ಕೆಳಗೆ ನುಸುಳಿ, ಮೆಷಿನ್ನಿಗೆ ಎಣ್ಣೆ ಬಿಟ್ಟು ತುಳಿದು ಬರುತ್ತಿದ್ದರು. "ಇನ್ನೊಂದ್ಸಲ ಮುಟ್ಟಿದ್ರೆ ಒಳಗೇ ಬಿಡಲ್ಲ" ಅಂತ ಮ್ಯೂಸಿಯಮ್ಮಿನಿಂದ ಅಂಗಡಿಗೆ ಫೋನ್ ಬಂತು. ರಾಜಿ ಮಾಡಿಸಲು ನಾನೂ ಜೊತೆಗೆ ಹೊರಟೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ ಹಗ್ಗದ ಆಚೆ!

"ಸಾರ್, ಬೋರ್ಡ್ ಓದಿ. ಮುಟ್ಟಬಾರದು ಅಂತಿದೆ" ಎಂದ ಕಾವಲುಗಾರ.

"ಅದು ಪಬ್ಲಿಕ್‌ಗಪ್ಪ. ನಾನು ಮೆಂಟೆನೆನ್ಸು."

ಮ್ಯೂಸಿಯಂ ನೋಡಿಕೊಳ್ಳುವ ಮೇಡಂ ಓಡಿ ಬಂದರು. "ಅಂಕಲ್, ಇದು ನೋಡೋಕೆ ಇಟ್ಟಿರೋದು, ಓಡ್ಸೋಕಲ್ಲ."

"ಓಡ್ದೇ ಇದ್ರೆ ಅದು ಮೆಷಿನ್ನಲ್ಲ ಮೇಡಂ, ಗೊಂಬೆ."

ನನಗೆ ರೇಗಿತು. "ಚಿಕ್ಕಪ್ಪ, ಕೊಟ್ಟಾಯ್ತು. ತುಕ್ಕಾದ್ರೂ ಹಿಡೀಲಿ, ನಿಮಗೇನು?"

ಅವರು ಕರ್ಚೀಫಿನಿಂದ ಚಕ್ರ ಒರೆಸುತ್ತಲೇ ಹೇಳಿದರು. "ನಿನ್ನ ಚಿಕ್ಕಮ್ಮನ ಬೆರಳಿಗೆ ಸ್ವಲ್ಪ ಬಲ ಬರ್ತಿದೆ ಅಂದ್ರು ಕಣೋ ಡಾಕ್ಟ್ರು. ನೆನ್ನೆ ಬಲಗೈಲೇ ನಾಲ್ಕು ಅವರೆಕಾಳು ಹಿಸುಕಿದ್ಲು. ನಾಳೆ ಮೆಷಿನ್ ತಗೊಂಡ್ಬನ್ನಿ ಅಂದ್ರೆ, ಜಾಮ್ ಆಗಿರೋದನ್ನ ಎತ್ಕೊಂಡು ಹೋಗ್ಲಾ? ಅವಳ ಬಾಯಿಗೆ ನೀನು ಸಿಕ್ಕಾಕೊಳ್ತೀಯಾ?"

ಮೇಡಂ ಕಾವಲುಗಾರನಿಗೆ ಹಿಂದೆ ಸರಿಯಲು ಸನ್ನೆ ಮಾಡಿದರು. ಚೌಕಾಸಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಉಂಟೇ? ಎಣ್ಣೆ ಬಿಡುವುದು ವಾರಕ್ಕೊಮ್ಮೆ ಎಂದೆ, ಅವರು ತಿಂಗಳಿಗೊಮ್ಮೆ ಎಂದರು. ತಿಂಗಳಿಗೆರಡು ಸಲಕ್ಕೆ ಕುದುರಿತು. ಚಿಕ್ಕಮ್ಮ ಕೇಳಿದ ದಿನ ಮೆಷಿನ್ನು ವಾಪಸ್. ಬದಲಿಗೆ ಮ್ಯೂಸಿಯಮ್ಮಿನ ಕಿರುಗುಟ್ಟುವ ಫ್ಯಾನುಗಳೆಲ್ಲ ಚಿಕ್ಕಪ್ಪನ ಪಾಲಿಗೆ. ಅವರು ಆಗಲೇ ಏಣಿ ಹುಡುಕುತ್ತಿದ್ದರು.

ಆದ್ದರಿಂದ ಮನೆಯ ಸಾಮಾನನ್ನು ಮ್ಯೂಸಿಯಮ್ಮಿಗೆ ಕೊಡುವವರು ವಾಪಸಾತಿಯ ಮಾತು ಮೊದಲೇ ಆಡಿಕೊಳ್ಳಿ. ಭಾನುವಾರ ಹೋಗಬೇಡಿ, ವ್ಯಾಪಾರ ಕಡಿಮೆ ಇರುವ ಮಂಗಳವಾರ ಹೋಗಿ. ಹೊಲಿಗೆ ಮೆಷಿನ್ನಾದರೆ ಸೂಜಿ ಹೊಸದಿರಲಿ, ನನ್ನ ಅಂಗಡಿಯಲ್ಲೇ ಸಿಗುತ್ತದೆ. ಗಲ್ಲಾ ಪಕ್ಕದಲ್ಲಿ ಬೇರೆಯಾಗಿ ಇಟ್ಟಿರುವ ಸೂಜಿ ಪೊಟ್ಟಣವನ್ನು ಮಾತ್ರ ಕೇಳಬೇಡಿ. ಅದು ಚಿಕ್ಕಮ್ಮನದು.